ಅರಮನೆಗೆ ಬಂದ ರಾಗಿಕಲ್ಲು

ಇನ್ನೆರಡು ಸೌದೆ ಒಟ್ಟಿ, ಹತ್ತಿರ ಬನ್ನಿ. ಈ ಕಥೆಯೂ ಬೆಂಕಿಯಿಂದಲೇ ಶುರುವಾಗುತ್ತದೆ.

1897ರ ಫೆಬ್ರವರಿ. ಮೈಸೂರಿನ ಕೋಟೆಯೊಳಗೆ ಮದುವೆಯ ಸಡಗರ. ಹತ್ತನೆಯ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಪಟ್ಟವೇರಿದ್ದ ಹೊಸ ಮಹಾರಾಜರಿನ್ನೂ ಹನ್ನೆರಡರ ಹುಡುಗ. ರಾಜ್ಯಭಾರ ಹೊತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆ ನಡೆಸುತ್ತಿದ್ದರು. ವರ ಕಾಂತರಾಜ ಅರಸು, ಮುಂದೆ ಮೈಸೂರಿನ ದಿವಾನರಾದವರು. ಆ ಮದುವೆಯ ದಿನಗಳಲ್ಲೇ ಹಳೆಯ ಮರದ ಅರಮನೆ ಹೊತ್ತಿಕೊಂಡು ಉರಿದುಹೋಯಿತು. ರಾಜಮನೆತನ ಜಗನ್ಮೋಹನ ಅರಮನೆಗೆ ಬಂತು. ಈಗ ದಸರೆಗೆ ಜನ ಮುಗಿಬಿದ್ದು ನೋಡುವ ಅರಮನೆ ಏಳಲು 1912 ಆಯಿತು.

ಆ ಮದುಮಗಳಿಗಾಗಿ ಕುಕ್ಕರಹಳ್ಳಿ ಕೆರೆಯಾಚೆಯ ದಿಬ್ಬದ ಮೇಲೆ 1905ರಲ್ಲಿ ಎದ್ದ ಮನೆಯೇ ಜಯಲಕ್ಷ್ಮಿ ವಿಲಾಸ. ನೂರಕ್ಕೂ ಹೆಚ್ಚು ಕೋಣೆ, ನಡುವೆ ಕುಸುರಿ ಕೆತ್ತನೆಯ ಕಲ್ಯಾಣ ಮಂಟಪ. ಕುವೆಂಪು ಕುಲಪತಿಗಳಾಗಿದ್ದಾಗ, ಮಾನಸಗಂಗೋತ್ರಿ ಆವರಣ ಕಟ್ಟುವ ಹೊತ್ತಿನಲ್ಲಿ, ಅದು ಮೈಸೂರು ವಿಶ್ವವಿದ್ಯಾನಿಲಯದ ಕೈಗೆ ಬಂತು. ಆಮೇಲೆ ದೇಜಗೌ, ಜೀಶಂಪ, ಪಿ.ಆರ್. ತಿಪ್ಪೇಸ್ವಾಮಿ ಇಂಥವರ ಆಸ್ಥೆಯಿಂದ ಅಲ್ಲೊಂದು ಜಾನಪದ ವಸ್ತುಸಂಗ್ರಹಾಲಯ ಬೆಳೆಯಿತು. ಸೋಮನ ಮುಖವಾಡ, ತೊಗಲುಗೊಂಬೆ, ಯಕ್ಷಗಾನದ ಕಿರೀಟ, ನೇಗಿಲು, ಬಳ್ಳ, ಸೇರು, ಕೋಲುಬುಡ್ಡಿ ದೀಪ ಎಲ್ಲವೂ ರಾಜಕುಮಾರಿಯ ಮನೆ ಸೇರಿದವು. ಮಾಳಿಗೆ ಸೋರಿ ಕಟ್ಟಡ ಕುಸಿಯುವ ಹಾಗಾದಾಗ, ಈ ಶತಮಾನದ ಮೊದಲ ವರ್ಷಗಳಲ್ಲಿ, ಇನ್ಫೋಸಿಸ್ ಪ್ರತಿಷ್ಠಾನ ಕೋಟಿಗೂ ಮಿಕ್ಕಿದ ಹಣ ಕೊಟ್ಟು ದುರಸ್ತಿ ಮಾಡಿಸಿತು. ಆ ಉಪಕಾರ ದೊಡ್ಡದು. ಆದರೆ ನನ್ನ ಮಟ್ಟಿಗೆ ಆ ಮನೆಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ದಿನ ಬೇರೆಯೇ.

ಆ ಸಂಗ್ರಹಾಲಯವಿನ್ನೂ ಬೆಳೆಯುತ್ತಿದ್ದ ದಿನಗಳಲ್ಲಿ ನಾನು ಅಲ್ಲಿ ಓದುತ್ತಿದ್ದೆ. ಮೇಷ್ಟ್ರ ಜೊತೆ ಊರೂರು ಅಲೆದು ಹಳೆಯ ಸಾಮಾನು ಕೇಳಿ ತರುವುದೇ ನಮ್ಮ ಪಾಠ. ಮಂಡ್ಯದ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಅವ್ವ ತನ್ನ ರಾಗಿಕಲ್ಲು ಕೊಟ್ಟಿದ್ದಳು. ಊರಿಗೆ ಹಿಟ್ಟಿನ ಗಿರಣಿ ಬಂದಿತ್ತು, ಕಲ್ಲು ಹಿತ್ತಲಲ್ಲಿ ಮಳೆಗೆ ನೆನೆಯುತ್ತಿತ್ತು. ಕೆಲವು ತಿಂಗಳ ಮೇಲೆ ಆಕೆ ಮೊಮ್ಮಗನನ್ನು ಕರೆದುಕೊಂಡು ಅದನ್ನು ನೋಡಲು ಬಂದೇಬಿಟ್ಟಳು.

ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟು, ಸೆರಗು ಹೊದ್ದು ನಿಂತಳು. ಒಳಗೆ ಬರಲು ಒಪ್ಪಳು. “ಅರಮನೆ ಅಲ್ವಾ ಬುದ್ಧಿ, ಹೆಂಗ್ ಬರಾದು?” ಮೇಷ್ಟ್ರೇ ಇಳಿದು ಹೋಗಿ ಕೈಹಿಡಿದು ಕರೆತಂದರು. ಕಂಬಗಳನ್ನಾಗಲಿ ಕೆತ್ತನೆಯನ್ನಾಗಲಿ ಆಕೆ ನೋಡಲಿಲ್ಲ. ಸಾಲಿನಲ್ಲಿದ್ದ ಅಷ್ಟು ಕಲ್ಲುಗಳಲ್ಲಿ ತನ್ನದರ ಮುಂದೆ ಹೋಗಿ ಕೂತಳು. ಅಂಚು ಸವರಿದಳು.

“ಗೂಟ ಎಲ್ಲೋಯ್ತಪ್ಪ?”

ದಾರಿಯಲ್ಲಿ ಮುರಿದಿತ್ತು. “ಬೀಸೋದಿಲ್ವಲ್ಲವ್ವ, ಬರೀ ನೋಡೋಕೆ ಇಟ್ಟಿರೋದು” ಎಂದೆ.

“ನೋಡಾಕೆ ಏನದೆ ಅದ್ರಲ್ಲಿ? ಕುಂತ್ಕಳಿ, ಪದ ಹೇಳ್ತೀನಿ.”

ಬರಿಗೈಯನ್ನೇ ಕಲ್ಲಿನ ಮೇಲಿಟ್ಟು ತಿರುಗಿಸುತ್ತಾ ಬೀಸುವ ಪದ ಎತ್ತಿಕೊಂಡಳು. ಮೊದಲು ರಾಗಿಗೆ, ಕಲ್ಲಿಗೆ, ಆಮೇಲೆ ತವರಿನ ಅಣ್ಣತಮ್ಮಂದಿರಿಗೆ. ದಣಿವೇ ಇಲ್ಲ. ಆ ಎತ್ತರದ ಚಾವಣಿಯ ಕೆಳಗೆ ದನಿ ತುಂಬಿಕೊಂಡಿತು. ಪಕ್ಕದ ಕೋಣೆಗಳಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಬಂದು ಬಾಗಿಲಲ್ಲಿ ನಿಂತರು. ಮೇಷ್ಟ್ರು ನೆಲದ ಮೇಲೆ ಕೂತು ಬರೆದುಕೊಂಡರು, ನಾವೂ ಬರೆದುಕೊಂಡೆವು. ಎಷ್ಟೋ ಸಾಲು ತಪ್ಪಿಹೋದವು, ಅಷ್ಟು ಬಿರುಸಾಗಿ ಬರುತ್ತಿದ್ದವು.

ಕಡೆಯ ಬಸ್ಸಿಗೆ ಹೊತ್ತಾಯಿತೆಂದು ಮೊಮ್ಮಗ ಎಬ್ಬಿಸಿದ. ಹೊರಡುವಾಗ ಆಕೆ ಹೇಳಿದ್ದು ಒಂದೇ ಮಾತು: “ಗಟ್ಟಿ ಮರದ್ದು ಗೂಟ ಹಾಕ್ಸಿ, ಮಕ್ಳ ಕೈಗೆ ಚುಚ್ಚಬಾರ್ದು.”

ಮಾರನೆಯ ದಿನವೇ ಬಡಗಿಯನ್ನು ಕರೆಸಿದೆವು.