ನಾಲ್ಕು ಮಂದಿಯ ದೋಣಿ

ದೇವದುರ್ಗ ತಾಲ್ಲೂಕಿನ ಕೃಷ್ಣಾ ತೀರದ ಒಂದು ಹಳ್ಳಿ. ಅಲ್ಲಿ ಮೀನು ಹಿಡಿದು ಬದುಕುವ ಒಂದು ಮನೆ. ಅಪ್ಪ, ಅವ್ವ, ಮುತ್ಯಾ ಮತ್ತು ರಾಯಚೂರಿನಲ್ಲಿ ಡಿಪ್ಲೊಮಾ ಓದುವ ಮಗಳು. ನಾಲ್ಕಾರು ಬಲೆ, ಒಂದು ಹರಿಗೋಲು, ಇಷ್ಟೇ ಆ ಮನೆಯ ಆಸ್ತಿ. ನಸುಕಿನಲ್ಲಿ ಮೀನಿನ ಕೆಲಸ ಮುಗಿದ ಮೇಲೆ ಆಚೆ ದಂಡೆಯ ಹೊಲಕ್ಕೆ ಹೋಗುವವರನ್ನು, ಈಚೆ ದಂಡೆಯ ಶಾಲೆಗೆ ಬರುವ ಮಕ್ಕಳನ್ನು ಅಪ್ಪ ದಾಟಿಸುತ್ತಿದ್ದ. ಯಾರನ್ನೂ ದಂಡೆಯಲ್ಲಿ ಬಿಟ್ಟು ಬಂದವನಲ್ಲ. ಅದು ಅವನ ಹೆಮ್ಮೆಯಾಗಿತ್ತು.

ಮಳೆಗಾಲದ ಒಂದು ಸಂಜೆ ಆ ಹೆಮ್ಮೆಯೇ ಮುಳುವಾಗುವುದರಲ್ಲಿತ್ತು. ಹರಿಗೋಲಿನಲ್ಲಿ ಒಂಬತ್ತು ಮಂದಿ, ಎರಡು ಮೂಟೆ ಗೊಬ್ಬರ. ನಡುಹೊಳೆಯಲ್ಲಿ ಸೆಳೆತಕ್ಕೆ ಸಿಕ್ಕ ಹರಿಗೋಲು ಬುಗುರಿಯಂತೆ ತಿರುಗಿತು. ಅಂಚಿನ ಮೇಲಿಂದ ನೀರು ಒಳಗೆ ಬಂತು. ರಜೆಗೆಂದು ಊರಿಗೆ ಬಂದಿದ್ದ ಮಗಳೂ ಅದರಲ್ಲಿದ್ದಳು. ಮೂಟೆಗಳನ್ನು ಹೊಳೆಗೆ ನೂಕಿ, ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರು ಚೆಲ್ಲಿ, ಹೇಗೋ ಎಲ್ಲರೂ ದಂಡೆ ಸೇರಿದರು. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. “ಇನ್ನ ಸಾಕು. ಎಂಜಿನ್ ದೋಣಿ ತರ್ತೀನಿ” ಎಂದವನೇ ಮಲಗಿಬಿಟ್ಟ.

ಅವನ ಭಯಕ್ಕೆ ಕಾರಣವಿತ್ತು. ಮೇಲೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಕೆಳಗಿನ ಕೃಷ್ಣೆ ನೋಡನೋಡುತ್ತ ಏರುತ್ತಾಳೆ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಹೂವಿನಹೆಡಗಿಯ ಸೇತುವೆ ಮುಳುಗಿತ್ತು. ಅದೇ ಪ್ರವಾಹದಲ್ಲಿ ಹಿರೇರಾಯನಕುಂಪಿಯ ಪುಟ್ಟ ಬಾಲಕನೊಬ್ಬ ನೀರಿನಡಿ ಸೇರಿದ ಸೇತುವೆಯ ಮೇಲೆ ಮುಂದೆ ಮುಂದೆ ನಡೆದು ಆಂಬುಲೆನ್ಸಿಗೆ ದಾರಿ ತೋರಿಸಿದ್ದನ್ನು ನಾಡೆಲ್ಲ ಕೊಂಡಾಡಿತು. ಮರುವರ್ಷವೇ, 2020ರ ಆಗಸ್ಟ್‌ನಲ್ಲಿ, ರಾಯಚೂರು ತಾಲ್ಲೂಕಿನ ಕುರ್ವಕಲ ನಡುಗಡ್ಡೆಯ ಬಳಿ ತೆಪ್ಪ ಮಗುಚಿ ಜೀವಹಾನಿಯಾಯಿತು. ಹೊಳೆಯ ಮಂದಿ ಇಂಥವನ್ನು ಮರೆಯುವುದಿಲ್ಲ.

ಮುತ್ಯಾನಿಗೆ ಮಾತ್ರ ಎಂಜಿನ್ ಹುಚ್ಚು ಒಪ್ಪಿಗೆಯಾಗಲಿಲ್ಲ. “ತೆಪ್ಪದ್ದೇನು ತಪ್ಪದಪಾ? ಮಂದಿ ತುಂಬಿದ್ದು ನೀನು” ಎಂದ. ಅವನ ಮಾತಿನಲ್ಲೂ ಸತ್ಯವಿತ್ತು. ಐನೂರು ವರ್ಷಗಳ ಹಿಂದೆ, ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಬುಟ್ಟಿದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ನೆಟ್ಟಗೆ ಹೋಗದೆ ಸದಾ ಸುತ್ತುತ್ತಲೇ ಸಾಗುವ ಇವುಗಳ ಹೊರತು ಇಲ್ಲಿನ ಹೊಳೆಗಳಲ್ಲಿ ಬೇರೆ ದೋಣಿಯೇ ಇಲ್ಲ ಎಂದು. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಅಷ್ಟೇ ವ್ಯತ್ಯಾಸ. ಚಪ್ಪಟೆ ತಳದ ಹರಿಗೋಲು ಗೇಣುದ್ದ ನೀರಿದ್ದರೂ ತೇಲುತ್ತದೆ, ಬಂಡೆಯ ಮೇಲೆ ಜಾರುತ್ತದೆ, ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದು. ಬೇಸಿಗೆಯಲ್ಲಿ ಬರೀ ಬಂಡೆ ಮತ್ತು ಮಡುಗಳಾಗಿ ಉಳಿಯುವ ಕೃಷ್ಣೆಗೆ ಹೇಳಿ ಮಾಡಿಸಿದಂಥದು.

ಆದರೂ ಬೇಸಿಗೆ ಬಂದಾಗ ತಂದೆ ಮಗಳು ದೋಣಿ ನೋಡಲು ಹೊರಟರು. ಫೈಬರ್ ದೋಣಿ ಬೇಡವೆಂದು ಅಪ್ಪ ಮೊದಲೇ ತೀರ್ಮಾನಿಸಿದ್ದ. ಬಂಡೆಗೆ ಹೊಡೆದರೆ ಫೈಬರ್ ಬಿರುಕು ಬಿಡುತ್ತದೆ. ಅಲ್ಯುಮಿನಿಯಂ ನೆಗ್ಗುತ್ತದೆ, ಸಾಮಾನ್ಯವಾಗಿ ಒಡೆಯುವುದಿಲ್ಲ. ಕಬ್ಬಿಣದ ತೂಕದ ಮೂರನೇ ಒಂದು ಪಾಲು ಮಾತ್ರ, ತುಕ್ಕೂ ಹಿಡಿಯುವುದಿಲ್ಲ.

ಮೊದಲನೆಯ ದೋಣಿ ಮಾನ್ವಿಯ ಕಡೆ, ತುಂಗಭದ್ರೆಯ ದಂಡೆಯಲ್ಲಿತ್ತು. ಯಾವುದೋ ಕಾಮಗಾರಿಗೆ ಬಳಸಿ ಬಿಟ್ಟದ್ದು. 14 ಅಡಿ ಉದ್ದ, 5 ಅಡಿ ಅಗಲ. ತಳ ಚೂಪು, ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿದ್ದರು. ಹಿಂದೆ 25 ಅಶ್ವಶಕ್ತಿಯ ಎಂಜಿನ್ ತೂಗುತ್ತಿತ್ತು. ಎಂಜಿನ್ ಸಮೇತ ಕೇಳಿದ ಬೆಲೆ ಕೈಗೆಟುಕುವಂತಿತ್ತು. “ಎಂಟು ಮಂದಿ ಆರಾಮ ಕೂಡ್ತಾರ್ರೀ” ಎಂದ ಮಾರುವವ. ಅಪ್ಪನ ಕಣ್ಣು ಅರಳಿತು. ಈ ದೋಣಿ ಕೊಂಡರೆ ಮಗಳ ಕೊನೆಯ ವರ್ಷದ ಫೀಜು, ಹಾಸ್ಟೆಲ್ಲಿನ ಹಣವೂ ಉಳಿಯುತ್ತಿತ್ತು. ಅದು ಮಗಳಿಗೂ ಗೊತ್ತಿತ್ತು.

ಆದರೂ ಅವಳು ಸುಮ್ಮನಿರಲಿಲ್ಲ. “ಯಪ್ಪಾ, ಇದ್ರಾಗ ನೀರು ತುಂಬಿ ನೋಡೂಣು” ಎಂದಳು.

“ನೀರಾಗ ಬಿಡೋ ದೋಣಿಗಿ ನೀರು ತುಂಬೋದೇನವ್ವಾ?” ಅಪ್ಪ ನಕ್ಕ.

ದೋಣಿಯನ್ನು ಕಲ್ಲುಗಳ ಮೇಲೆ ಎತ್ತಿಟ್ಟು ಒಳಗೆ ಹತ್ತಾರು ಕೊಡ ನೀರು ಸುರಿದರು. ಸ್ವಲ್ಪ ಹೊತ್ತಿಗೆ ರಿವೆಟ್‌ಗಳ ಸಾಲಿನುದ್ದಕ್ಕೂ ಹನಿ ಮೂಡಿದವು. ನೀರಿನಲ್ಲಿರುವಾಗ ಹೊರಗಿನಿಂದ ಒಳಗೆ ಬರುವ ನೀರು ಯಾವ ತೂತಿನಿಂದ ಬರುತ್ತದೆಂದು ಕಾಣುವುದಿಲ್ಲ. ನೆಲದ ಮೇಲೆ ಒಳಗಿನಿಂದ ಹೊರಗೆ ಹೋಗುವ ನೀರು ಗುಟ್ಟು ಬಿಟ್ಟುಕೊಡುತ್ತದೆ. ರಿವೆಟ್ ಬಿಗಿ ಮಾಡಿಸಬಹುದು, ಅದು ದೊಡ್ಡ ಮಾತಲ್ಲ. ಆದರೆ ಎಂಜಿನ್ ಕೂರುವ ಹಿಂದಿನ ಹಲಗೆಯನ್ನು ಅವಳು ಸಣ್ಣ ಕಲ್ಲಿನಿಂದ ತಟ್ಟಿದಾಗ ಟಕ್ ಎನ್ನಬೇಕಾದದ್ದು ಬೊದ್ ಎಂದಿತು. ತಗಡಿನ ಒಳಗೆ ಮರ ಕೊಳೆತಿತ್ತು. ಎಂಜಿನ್ನಿನ ತೂಕ, ಎಳೆತ ಎರಡನ್ನೂ ತಡೆಯುವುದು ಆ ಹಲಗೆಯೇ. ಕಬ್ಬಿಣದ ಬೋಲ್ಟು ಕೂತ ಕಡೆಯಲ್ಲೆಲ್ಲ ಅಲ್ಯುಮಿನಿಯಂ ಬಿಳಿ ಪುಡಿಯಾಗಿತ್ತು. ಎರಡು ಬೇರೆ ಲೋಹ ಒದ್ದೆಯಲ್ಲಿ ಕೂಡಿದರೆ ಒಂದು ಇನ್ನೊಂದನ್ನು ತಿನ್ನುತ್ತದೆಂಬುದು ಅವಳ ಪಾಠದಲ್ಲೇ ಇತ್ತು.

ಎರಡನೆಯದು ರಾಯಚೂರಿನ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ತಯಾರಾಗುತ್ತಿತ್ತು. 12 ಅಡಿ ಉದ್ದ, 5 ಅಡಿ ಅಗಲ, ಚಪ್ಪಟೆ ತಳ, ಹೊಸ ತಗಡು. ಎಂಜಿನ್ ಬೇರೆ ಕೊಳ್ಳಬೇಕು. ಎರಡೂ ಸೇರಿದರೆ ಬೆಲೆ ಮಾನ್ವಿಯದಕ್ಕಿಂತ ಬಹಳ ಹೆಚ್ಚು.

ಮನೆಗೆ ಬಂದು ಮಗಳು ನೋಟ್‌ಬುಕ್ ತೆರೆದಳು. ಸಣ್ಣ ದೋಣಿಗಳಿಗೆ ಅಮೆರಿಕದಲ್ಲಿ ಬಳಸುವ ಒಂದು ಸುಲಭ ಲೆಕ್ಕವಿದೆ. ಉದ್ದವನ್ನು ಅಗಲದಿಂದ ಗುಣಿಸಿ, ಅಡಿಗಳಲ್ಲಿ, 15ರಿಂದ ಭಾಗಿಸಬೇಕು. ಬಂದದ್ದು ಶಾಂತ ನೀರಿನಲ್ಲಿ, ತಲೆಗೆ ಸುಮಾರು 68 ಕಿಲೋದಂತೆ, ಕೂರಬಹುದಾದ ಮಂದಿ. ಮಾನ್ವಿಯ ದೋಣಿಗೆ 14 ಗುಣಿಸು 5, ಅಂದರೆ 70. ಭಾಗಿಸಿದರೆ ನಾಲ್ಕೂವರೆಯ ಮೇಲೆ ಚೂರು. ಅರ್ಧ ಮನುಷ್ಯನಿಲ್ಲವಾದ್ದರಿಂದ ನಾಲ್ಕು. ರಾಯಚೂರಿನದಕ್ಕೆ 60, ಭಾಗಿಸಿದರೆ ಸರಿಯಾಗಿ ನಾಲ್ಕು.

“ಎರಡಡಿ ಹೆಚ್ಚಿದ್ರೂ ನಾಲ್ಕೇ ಮಂದೀನಾ? ನನ್ನೂ ಸೇರಿಸಿ?” ಅಪ್ಪನಿಗೆ ನಂಬಿಕೆ ಬರಲಿಲ್ಲ.

“ನಿನ್ನೂ ಸೇರಿಸಿ, ಯಪ್ಪಾ.”

ಚೂಪು ತಳ ಅಲೆ ಸೀಳುವುದಕ್ಕೆ ಒಳ್ಳೆಯದು, ದೊಡ್ಡ ಜಲಾಶಯದಲ್ಲಿ ಬೇಕು. ಬಂಡೆಗಳ ಹೊಳೆಗೆ ಚಪ್ಪಟೆ ತಳವೇ ವಾಸಿ ಎಂದು ಅವಳು ವಿವರಿಸಿದಳು. ಮುತ್ಯಾ ಒಂದು ಪ್ರಶ್ನೆ ಹಾಕಿದ: “ದೋಣಿ ಗೇಣು ನೀರಾಗ ತೇಲಿದ್ರ ಆತೇನು? ಎಂಜಿನ್ ಪಂಖ ಇನ್ನೂ ಕೆಳಗ ಇರ್ತದಲ್ಲ, ಅದಕ ಬಂಡಿ ಬಡಿಯೂದಿಲ್ಲೇನು?” ಓದಿದವಳಿಗೂ ಹೊಳೆಯದಿದ್ದ ಮಾತು! ಬೇಸಿಗೆಯಲ್ಲಿ ಎಂಜಿನ್ ಮೇಲಕ್ಕೆ ಬಾಗಿಸಿ ಹುಟ್ಟು ಹಾಕಲೇಬೇಕು. ಅಂದ ಮೇಲೆ ಹುಟ್ಟು ಮನೆಯಿಂದ ಹೋಗುವ ಹಾಗಿಲ್ಲ.

ಅಲ್ಲಿಂದಲೇ ದಾರಿ ಕಂಡಿತು. ಅವ್ವ ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. “ಹುಟ್ಟು ಹೆಂಗೂ ಬೇಕು ಅಂದ್ರ, ಈ ವರ್ಷ ದೋಣಿ ಅಷ್ಟ ತರ್ರಿ. ಎಂಜಿನ್ ಆಮ್ಯಾಲ ನೋಡೂಣು. ಹುಡುಗಿ ಫೀಜು ಹಂಗ ಇರ್ಲಿ” ಎಂದಳು. ಯಂತ್ರ ಕೂರಿಸಿದರೆ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ನೋಂದಣಿ, ತಪಾಸಣೆ ಆಗಬೇಕು. ಅದಕ್ಕೂ ಸಮಯ ಸಿಗುತ್ತದೆ ಎಂದು ಮಗಳು ಸೇರಿಸಿದಳು. 25ರ ಬದಲು 10ರ ಆಸುಪಾಸಿನ ಎಂಜಿನ್ ಸಾಕೆಂದೂ ನಿಶ್ಚಯವಾಯಿತು. ಚಿಕ್ಕ ದೋಣಿಯ ಹಿಂಬದಿಗೆ ಭಾರದ ಎಂಜಿನ್ ಹೇರುವುದು ಹೊಳೆಯನ್ನು ಒಳಗೆ ಕರೆದಂತೆ.

ವೆಲ್ಡಿಂಗ್‌ನವನಿಗೆ ಅವಳು ಒಂದೇ ಬದಲಾವಣೆ ಹೇಳಿದಳು. ಸೀಟುಗಳ ಕೆಳಗಿನ ಪೆಟ್ಟಿಗೆಗಳನ್ನು ಖಾಲಿ ಬಿಡದೆ ಥರ್ಮೋಕೋಲ್ ದಿಂಡು ತುಂಬಿ ಮುಚ್ಚಬೇಕು. ಅಲ್ಯುಮಿನಿಯಂ ಹಗುರವೆಂದರೂ ನೀರಿಗಿಂತ 2.7 ಪಟ್ಟು ಭಾರ. ದೋಣಿ ತುಂಬಿದರೆ ತಳ ಸೇರುತ್ತದೆ. “ಬಲಿಗಿ ಬೆಂಡು ಕಟ್ಟಿಧಂಗ” ಎಂದು ಅಪ್ಪ ತಕ್ಷಣ ತಿಳಿದುಕೊಂಡ. ಉಳಿದ ಹಣದಲ್ಲಿ ದೊಡ್ಡವು, ಸಣ್ಣವು ಸೇರಿ ನಾಲ್ಕು ಲೈಫ್ ಜಾಕೆಟ್ ಬಂದವು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಮೊದಲ ದಿನ ಆಚೆ ದಂಡೆಯಲ್ಲಿ ಆರು ಮಕ್ಕಳು ನಿಂತಿದ್ದವು. ಹೊಸ ದೋಣಿ ಕಂಡು ಎಲ್ಲವೂ ಒಟ್ಟಿಗೇ ನುಗ್ಗಿದವು. ಮಕ್ಕಳ ತೂಕ ಎಷ್ಟು, ಇನ್ನೊಬ್ಬರು ಹಿಡಿಸಲಾರರೇ ಎಂದು ವಾದಿಸಬಹುದಿತ್ತು. ಅಪ್ಪ ವಾದಿಸಲಿಲ್ಲ. ಜಾಕೆಟ್ ಇದ್ದದ್ದು ನಾಲ್ಕು, ಒಂದು ಅವನ ಮೈಮೇಲಿತ್ತು. ಮೂವರನ್ನು ಕೂರಿಸಿ, ಉಳಿದ ಮೂವರನ್ನು ಇಳಿಸಿದ. ಜೀವಮಾನದಲ್ಲಿ ಮೊದಲ ಸಲ ದಂಡೆಯಲ್ಲಿ ಮಂದಿ ಬಿಟ್ಟು ಹೊರಟಿದ್ದ. ಇಳಿಸಲ್ಪಟ್ಟ ಸಣ್ಣ ಹುಡುಗನೊಬ್ಬ ಅಳುಮುಖ ಮಾಡಿದ.

“ಅಳಬ್ಯಾಡೋ ತಮ್ಮಾ, ಇಲ್ಲೇ ನಿಂದ್ರು. ಹೋಗಿ ಮತ್ತ ಬರ್ತೀನಿ” ಎಂದ ಅಪ್ಪ.

ಈಚೆ ದಂಡೆಯಲ್ಲಿ ರಾಯಚೂರಿನ ಬಸ್ಸಿಗೆಂದು ಚೀಲ ಹಿಡಿದು ನಿಂತಿದ್ದ ಮಗಳಿಗೆ ಆ ಮಾತು ಕೇಳಿಸಿರಲಾರದು. ಆದರೆ ದೋಣಿ ಬಂದು, ಮೂವರನ್ನು ಇಳಿಸಿ, ಮತ್ತೆ ಆಚೆಗೆ ತಿರುಗಿದ್ದನ್ನು ಅವಳು ನೋಡಿದಳು. ಆರನೆಯ ಮಗುವೂ ದಂಡೆ ಹತ್ತುವ ತನಕ ನಿಂತು, ಆಮೇಲೆ ಬಸ್ಸಿನ ದಾರಿ ಹಿಡಿದಳು.