ಗುಂಯ್ ಅನ್ನುವ ಗಾಡಿ

ಕರೆಂಟ್ ಕಾರು ಸದ್ದೇ ಮಾಡಲ್ಲ ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ನಿಜ ಮಾತ್ರ. ಎಂಜಿನ್ ಸದ್ದು ಇಲ್ಲ, ಅಷ್ಟೆ. ಇಷ್ಟು ವರ್ಷ ಅದರ ಅಬ್ಬರದ ಕೆಳಗೆ ಮುಚ್ಚಿಹೋಗಿದ್ದ ಟಯರು, ಗೇರು, ಬೇರಿಂಗು, ಗಾಳಿ ಎಲ್ಲದರ ಸದ್ದೂ ಈಗ ಒಂದೊಂದಾಗಿ ಕಿವಿಗೆ ಬೀಳುತ್ತೆ...

ಲಕ್ಷ್ಮೇಶ್ವರದಲ್ಲಿರುವ ನಮ್ಮ ಕಾಕಾ ಸಾಲ ಮಾಡಿ ಹಸಿರು ಬೋರ್ಡಿನ ಮೇಲೆ ಹಳದಿ ಅಕ್ಷರದ ಕರೆಂಟ್ ಕಾರು ಇಟ್ಟಿದ್ದಾರೆ. ಗದಗಿನ ಆಸ್ಪತ್ರೆಗೆ ಹೋಗುವವರು, ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹೋಗುವವರು, ಮುಂಡರಗಿಯ ಮದುವೆಗೆ ಹೊರಟವರು... ಇವರೇ ಗಿರಾಕಿಗಳು. ಒಂದು ದಿನ ಫೋನ್ ಬಂತು.

"ತಮ್ಮಾ, ಗಾಡಿ ಗುಂಯ್ ಅನಾಕತ್ತೈತಿ. ನಲವತ್ತರ ಮ್ಯಾಲ ಹೋದ್ರ ಒಳಗ ದುಂಬಿ ಹೊಕ್ಕಂಗ ಆಗತೈತಿ. ಮೋಟಾರು, ಗೇರ್‌ಬಾಕ್ಸ್ ಎರಡೂ ಬದಲಿ ಮಾಡಬೇಕಂತ. ಒಂದು ಲಕ್ಷ ನಲವತ್ತು ಸಾವಿರ ಅಂದ್ರು."

ವಾರಂಟಿ ಇದಕ್ಕೆ ಬರಲ್ಲವಂತೆ. ಅಷ್ಟು ದುಡ್ಡು ಕೊಟ್ಟರೆ ಬ್ಯಾಂಕಿನ ಕಂತು ನಿಲ್ಲುತ್ತೆ, ಕಂತು ನಿಂತರೆ ಗಾಡಿಯೇ ಹೋಗುತ್ತೆ. "ನೀ ಕಂಪ್ಯೂಟರ್ ಕಲ್ತಾವ, ಇದೂ ಕಂಪ್ಯೂಟರ್ ಇರೋ ಗಾಡಿ. ಬಂದು ಒಂದೀಟು ನೋಡಪಾ" ಅಂದರು. ನಾನು ಬರೆಯೋದು ಸಾಫ್ಟ್‌ವೇರು, ಅದಕ್ಕೂ ಚಕ್ರಕ್ಕೂ ಏನು ಸಂಬಂಧ ಹೇಳಿ! ಆದರೂ ಶನಿವಾರ ಹೋದೆ. ದಿನಾ ಆಫೀಸಿನಲ್ಲಿ ಮಾಡುವ ಒಂದು ಕೆಲಸ ಮಾತ್ರ ಇಲ್ಲಿಗೂ ಹೊಂದುತ್ತಿತ್ತು. ತೊಂದರೆ ಏನು ಬದಲಾದಾಗ ಬದಲಾಗುತ್ತೆ ಅಂತ ನೋಡೋದು, ಉಳಿದದ್ದನ್ನು ಒಂದೊಂದಾಗಿ ಪಟ್ಟಿಯಿಂದ ಹೊಡೆದು ಹಾಕೋದು.

ಮೊದಲು ಗಾಡಿ ನಿಲ್ಲಿಸಿ ಏಸಿ ಹಾಕಿದೆವು. ಗುಂಯ್ ಇಲ್ಲ. ಅಂದರೆ ತಣಿಸುವ ಪಂಪೂ ಅಲ್ಲ, ಏಸಿ ಕಂಪ್ರೆಸರೂ ಅಲ್ಲ. ದಾರಿಹೋಕರಿಗೆ ಕೇಳಲಿ ಅಂತ ಕೆಲವು ಕರೆಂಟ್ ಗಾಡಿಗಳು ಬೇಕಂತಲೇ ಸದ್ದು ಮಾಡುತ್ತವೆ (ಯುರೋಪಿನಲ್ಲಿ 2021ರಿಂದ ಎಲ್ಲ ಹೊಸ ಕರೆಂಟ್ ಕಾರುಗಳಿಗೂ ಅದು ಕಡ್ಡಾಯ). ಆದರೆ ಅದು ಬೇಕಿರುವುದು ಗಂಟೆಗೆ 20 ಕಿಲೋಮೀಟರಿನವರೆಗಿನ ನಿಧಾನದ ಓಟಕ್ಕೆ. ನಮ್ಮದು ಶುರುವಾಗೋದೇ ನಲವತ್ತರ ನಂತರ.

ಆಮೇಲೆ ಮುಳಗುಂದದ ಕಡೆ ಹೊರಟೆವು. ನುಣುಪು ಡಾಂಬರಿನ ಮೇಲೂ, ಒರಟು ರಸ್ತೆಯ ಮೇಲೂ ಅದೇ ದನಿ. ಮುಂದಿನ ಟಯರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿದೆವು. ಏನೂ ಬದಲಾಗಲಿಲ್ಲ. ಟಯರೂ ಪಟ್ಟಿಯಿಂದ ಹೋಯಿತು.

ಇಲ್ಲೊಂದು ಸ್ವಾರಸ್ಯ ಇದೆ. ಪೆಟ್ರೋಲ್ ಗಾಡಿಯಲ್ಲಾದರೆ ಓಡುವಾಗ ನ್ಯೂಟ್ರಲ್ ಮಾಡಿ ಎಂಜಿನ್ ಸದ್ದನ್ನು ಬೇರೆ ಮಾಡಬಹುದು. ಕರೆಂಟ್ ಗಾಡಿಯಲ್ಲಿ ಸಾಮಾನ್ಯವಾಗಿ ಕ್ಲಚ್ಚೇ ಇಲ್ಲ, ಒಂದೇ ಗೇರು. ನ್ಯೂಟ್ರಲ್ ಮಾಡಿದರೂ ಚಕ್ರದ ಜೊತೆ ಮೋಟಾರ್ ತಿರುಗುತ್ತಲೇ ಇರುತ್ತೆ. ಹಾಗಾಗಿ ಸದ್ದು ವೇಗದ ಜೊತೆ ಏರುತ್ತೆ ಅಂದ ಮಾತ್ರಕ್ಕೆ ಮೋಟಾರಿನದ್ದೇ ತಪ್ಪು ಅನ್ನೋಕಾಗಲ್ಲ. ಚಕ್ರದ್ದೂ ಇರಬಹುದು.

ಲೆಕ್ಕ ಹಾಕಿದೆ. ಅರವತ್ತರ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು, ಮೋಟಾರು ಅದರ ಒಂಬತ್ತು ಪಟ್ಟು, ಅಂದರೆ 80ರ ಆಸುಪಾಸು. ಗೇರಿನ ಹಲ್ಲುಗಳು ಕೂಗಿದರೆ ಸಾವಿರದ ಮೇಲಿನ ಕಂಪನ, ಸೀಟಿಯಂಥ ದನಿ ಬರಬೇಕು. ಮೊಬೈಲಿನಲ್ಲಿ ಅಳೆದರೆ ನಮ್ಮ ಗುಂಯ್ ನೂರರ ಸುತ್ತಮುತ್ತ ಇತ್ತು. ಅದೂ ಅಲ್ಲದೆ ಪೆಡಲ್ ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹಲ್ಲಿನ ಸದ್ದಾದರೆ ಹೀಗಿರಲ್ಲ, ಭಾರ ಬಿದ್ದಾಗ ಬದಲಾಗುತ್ತೆ. ಇನ್ನು ಉಳಿದದ್ದು ಬೇರಿಂಗು. ಮೋಟಾರಿನದೋ ಚಕ್ರದ್ದೋ?

ಅದಕ್ಕೆ ಉತ್ತರ ಸಿಕ್ಕಿದ್ದು ಮುಂಡರಗಿ ರಸ್ತೆಯಲ್ಲಿ, ಡಂಬಳ ದಾಟಿದ ಮೇಲೆ. ದೂರದಲ್ಲಿ ಕಪ್ಪತಗುಡ್ಡದ ಗಾಳಿಯಂತ್ರಗಳು, ಮುಂದೆ ಹಿಂದೆ ಒಂದೂ ಗಾಡಿ ಇಲ್ಲ.

"ಕಾಕಾ, ಮೆಲ್ಲಕ ಎಡಕ್ಕ ತಿರುಗಸ್ರಿ." ಗುಂಯ್ ಜೋರಾಯಿತು. "ಈಗ ಬಲಕ್ಕ." ಹೆಚ್ಚುಕಡಿಮೆ ನಿಂತೇ ಹೋಯಿತು!

ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತೆ. ಸದ್ದು ಮುಂದಿನಿಂದ ಬರುತ್ತಿತ್ತು. ಅಂದರೆ ಮುಂದಿನ ಬಲಗಾಲಿ.

ಬೆಟಗೇರಿಯಲ್ಲಿ ಪರಿಚಯದ ಮೇಸ್ತ್ರಿಯೊಬ್ಬರಿದ್ದಾರೆ. ಮೂವತ್ತು ವರ್ಷದಿಂದ ಟೆಂಪೋ, ಟ್ರ್ಯಾಕ್ಸ್ ಬಿಚ್ಚಿ ಕಟ್ಟಿದವರು. ಗಾಡಿ ನೋಡಿದ್ದೇ ಕೈ ಹಿಂದಕ್ಕೆ ತಗೊಂಡರು. "ಕರೆಂಟ್ ಗಾಡಿ ನಾವು ಮುಟ್ಟಂಗಿಲ್ರೀ." ಅವರ ಹೆದರಿಕೆ ಸುಳ್ಳಲ್ಲ, ನೂರಾರು ವೋಲ್ಟ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಗೊತ್ತಿಲ್ಲದವರು ಮುಟ್ಟಲೇಬಾರದು. ಆದರೆ ಅವು ನಮ್ಮ ಗಾಡಿಯ ಚಕ್ರದ ಹತ್ತಿರ ಇಲ್ಲ ಅಂತ ಬಗ್ಗಿ ತೋರಿಸಿದೆ. ಜಾಕ್ ಏರಿಸಿದರು. ಒಂದು ಕೈಯಲ್ಲಿ ಸ್ಪ್ರಿಂಗ್ ಹಿಡಿದು, ಇನ್ನೊಂದರಲ್ಲಿ ಚಕ್ರ ತಿರುಗಿಸಿ ಕಣ್ಣು ಮುಚ್ಚಿದರು.

"ಜ್ವಾಳ ಬೀಸಿದಂಗ ಕೈಗೆ ಬಡೀತೈತಿ. ಇದು ಮೋಟಾರ್ ಅಲ್ರೀ, ಬೇರಿಂಗ್."

ನಾನು ಒಂದು ದಿನ ಲೆಕ್ಕ ಹಾಕಿದ್ದನ್ನು ಅವರ ಕೈ ಅರ್ಧ ನಿಮಿಷದಲ್ಲಿ ಹೇಳಿತು :-) ನನ್ನಿಂದ ಆದ ಸಹಾಯ ಒಂದೇ. ಈ ಬೇರಿಂಗಿನ ಒಂದು ಮಗ್ಗುಲಲ್ಲಿ ಎಬಿಎಸ್ ಸೆನ್ಸರ್‌ಗಾಗಿ ಅಯಸ್ಕಾಂತದ ಉಂಗುರ ಇರುತ್ತೆ, ತಿರುವುಮುರುವು ಕೂರಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತೆ ಅಂತ ಹೇಳಿದೆ. ಪ್ರೆಸ್ಸಿನಲ್ಲಿಟ್ಟು ಹಳೆಯದನ್ನು ತೆಗೆದು ಹೊಸದು ಕೂರಿಸಿದರು. ಸಾಮಾನು, ಕೂಲಿ ಸೇರಿ 5,200 ರೂಪಾಯಿ. ಲಕ್ಷ್ಮೇಶ್ವರದವರೆಗೆ ಗುಂಯ್ ಇಲ್ಲ.

ಸರ್ವೀಸ್ ಸೆಂಟರಿನವರು ಕಂಪ್ಯೂಟರ್ ಹಚ್ಚಿ ನೋಡಿದ್ದರಂತೆ, ಯಾವ ದೋಷವೂ ತೋರಿಸಿರಲಿಲ್ಲವಂತೆ. ತೋರಿಸುವುದಾದರೂ ಹೇಗೆ? ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಅದಕ್ಕೆ ಗೊತ್ತಾಗುತ್ತೆ, ಗುಂಯ್ ಅಂತಿದೆ ಅಂತ ಗೊತ್ತಾಗಲ್ಲ. ಗಾಡಿ ಹೊಸ ಕಾಲದ್ದು ಅಂದ ಕೂಡಲೇ ಕೆಟ್ಟಿದ್ದೂ ಹೊಸ ಭಾಗವೇ ಇರಬೇಕು ಅಂತ ನಾವೆಲ್ಲ ಅಂದುಕೊಂಡುಬಿಡ್ತೀವಿ. ಕರೆಂಟ್ ಗಾಡಿಗೂ ನಾಲ್ಕು ಚಕ್ರ ಇವೆ, ಅವು ಓಡೋದು ನಮ್ಮದೇ ಗುಂಡಿ ಬಿದ್ದ ರಸ್ತೆಯಲ್ಲಿ. ಬ್ಯಾಟರಿಯ ಭಾರವೂ ಅವುಗಳ ಮೇಲೇ ಬೀಳುತ್ತೆ.

ನಿಮ್ಮ ಗಾಡಿಯೂ ಗುಂಯ್ ಅಂದರೆ, ದೊಡ್ಡ ಬಿಲ್ಲಿಗೆ ಒಪ್ಪುವ ಮುಂಚೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ ಕೇಳಿ. ಸದ್ದು ಬದಲಾದರೆ ಮೊದಲು ಚಕ್ರ ಎತ್ತಿಸಿ ನೋಡಿ. ಬೆಟಗೇರಿಯ ಆ ಮೇಸ್ತ್ರಿ ಈಗ ಕರೆಂಟ್ ಗಾಡಿಯ ಚಕ್ರ, ಬ್ರೇಕು, ಸಸ್ಪೆನ್ಷನ್ ಕೆಲಸ ಒಪ್ಪಿಕೊಳ್ತಾರೆ. "ಕಿತ್ತಳಿ ವಾಯರ್ ಮಾತ್ರ ಬಿಟ್ಟು" ಅಂತ ಮೊದಲೇ ಹೇಳಿಬಿಡ್ತಾರೆ.