ದಾಖಲಾತಿ ಪುಸ್ತಕದಲ್ಲಿ ನಾನು ಬರೆದ ತಪ್ಪು

ಮಕ್ಕಳ ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಲೇ ನನ್ನ ಜೀವಮಾನ ಕಳೆಯಿತು. ಆ ಕೈಯೇ ಮಾಡಿದ ಒಂದು ತಪ್ಪನ್ನು ಈಗ ಹೇಳಿಬಿಡಬೇಕು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಮೇಷ್ಟ್ರುಗಳಾಗಿದ್ದಾರೆ, ಕೆಲವರು ಗುಮಾಸ್ತರಾಗಿದ್ದಾರೆ. ಅವರಾದರೂ ಎಚ್ಚರಿಕೆಯಿಂದಿರಲಿ ಎಂಬುದಷ್ಟೇ ಆಸೆ.

1981ರ ಜೂನ್ ತಿಂಗಳು. ಮಲ್ಲಂದೂರಿನಿಂದ ಮುತ್ತೋಡಿಯ ಕಡೆಗೆ ಹೋಗುವ ರಸ್ತೆಯ ಆಸುಪಾಸಿನ ಒಂದು ಶಾಲೆಯಲ್ಲಿ ನಾನಿದ್ದೆ. ಹೆಂಚಿನಿಂದ ಸೋರುವ ನೀರಿಗೆ ಬಕೆಟ್ಟು ಇಟ್ಟು ಪಾಠ ಮಾಡುವ ಕಾಲ. ಒಂದು ಬೆಳಿಗ್ಗೆ ಪಕ್ಕದ ಕಾಫಿ ತೋಟದ ರೈಟರು ಕಂಬಳಿಕೊಪ್ಪೆ ಹೊದ್ದ ಏಳು ಮಕ್ಕಳನ್ನು ಕರೆತಂದರು. ತಂದೆತಾಯಿಯರೆಲ್ಲ ಕೆಲಸಕ್ಕೆ ಹೋಗಿದ್ದರು. ಹೆಸರು, ವಯಸ್ಸು, ಜಾತಿ ಎಲ್ಲವನ್ನೂ ರೈಟರೇ ಚೀಟಿ ನೋಡಿ ಹೇಳಿದರು. ಹುಟ್ಟಿದ ಸ್ಥಳದ ಕಾಲಂ ಬಂದಾಗ, "ಇವರೆಲ್ಲ ಸೇಲಂ ಕಡೆಯವರು, ಮೇಷ್ಟ್ರೇ, ಹಾಗೇ ಬರೆದುಕೊಳ್ಳಿ" ಎಂದರು. ಮೊದಲ ಮಗುವಿಗೆ 'ಸೇಲಂ ಜಿಲ್ಲೆ' ಎಂದು ಬರೆದು, ಉಳಿದ ಆರಕ್ಕೂ ಅದರ ಕೆಳಗೆ 'ಸದರಿ' ಎಂದು ಬರೆದುಕೊಂಡು ಹೋದೆ. ಗಂಟೆ ಬಾರಿಸುವ ಹೊತ್ತಾಗಿತ್ತು.

ಆ ಏಳರಲ್ಲಿ ಒಬ್ಬ ಹುಡುಗ ಅದೇ ತೋಟದ ಲೈನಿನಲ್ಲಿ ಹುಟ್ಟಿದವನು. ಸೇಲಮ್ಮನ್ನು ಅವನು ಕಣ್ಣಿನಿಂದಲೂ ಕಂಡಿರಲಿಲ್ಲ.

2016ರಲ್ಲಿ ಆ ಹುಡುಗನ ಮಗಳು ಪಿಯುಸಿ ಮುಗಿಸಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಳು. ಕಚೇರಿಯಲ್ಲಿ ತಂದೆಯ ಶಾಲಾ ವರ್ಗಾವಣೆ ಪತ್ರ ಕೇಳಿದರು. ಅದರಲ್ಲಿ 'ಸೇಲಂ ಜಿಲ್ಲೆ' ಎಂದಿತ್ತು. "ನೀವು ತಮಿಳುನಾಡಿನಿಂದ ವಲಸೆ ಬಂದವರು, ಅಲ್ಲಿಂದಲೇ ಪತ್ರ ತನ್ನಿ" ಎಂದು ಅರ್ಜಿಯನ್ನು ಹಿಂದಕ್ಕೆ ಕೊಟ್ಟರು. ಅವಳು ಆ ಹಾಳೆಯನ್ನು ಹಿಡಿದು ಹುಡುಕಿಕೊಂಡು ನನ್ನ ಮನೆಗೆ ಬಂದಳು. "ಮೇಷ್ಟ್ರೇ, ಇದು ನಿಮ್ಮ ಅಕ್ಷರ ಅಂತ ಅಪ್ಪ ಹೇಳಿದ್ರು" ಎಂದಳು. ಹೌದು, ನನ್ನದೇ ದುಂಡಕ್ಷರ. ಅಕ್ಷರ ದುಂಡಗಿದ್ದರೆ ಬರೆದದ್ದು ನಿಜವಾಗುವುದೇ?

ಕಚೇರಿಯವರನ್ನು ನಾನು ದೂರಲಾರೆ, ನಿಯಮವೇ ಹಾಗಿದೆ. ಪರಿಶಿಷ್ಟ ಜಾತಿಗಳ ಆದೇಶ ಹೊರಟದ್ದು 1950ರ ಆಗಸ್ಟ್ 10ರಂದು. ಅಂದು ಒಬ್ಬನ ಕಾಯಂ ನೆಲೆ ಯಾವ ರಾಜ್ಯದಲ್ಲಿತ್ತೋ ಆ ರಾಜ್ಯದಲ್ಲಿ ಮಾತ್ರ ಅವನಿಗೂ ಅವನ ಸಂತಾನಕ್ಕೂ ಆ ಸೌಲಭ್ಯ. ಈ ತತ್ತ್ವವನ್ನು 1990ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿದಿದೆ. ಆದಿದ್ರಾವಿಡ ಎಂಬ ಹೆಸರು ಎರಡೂ ರಾಜ್ಯಗಳ ಪಟ್ಟಿಯಲ್ಲಿದ್ದರೂ ಫಲವಿಲ್ಲ; ತಾತ ಅಂದು ಎಲ್ಲಿದ್ದ ಎಂಬುದೇ ಪ್ರಶ್ನೆ.

ಅದೇ ಲೈನಿನ ಪಕ್ಕದ ಮನೆಯಲ್ಲಿ ಚಾರ್ಮಾಡಿ ಘಟ್ಟ ಹತ್ತಿ ಬಂದ ತುಳು ಮಾತಿನ ಸಂಸಾರವೊಂದಿತ್ತು. 1950ರಲ್ಲಿ ದಕ್ಷಿಣ ಕನ್ನಡವೂ ಮದರಾಸಿಗೇ ಸೇರಿತ್ತು. ಆದರೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಆ ಗಡಿ ಅಳಿಸಿಹೋಯಿತು. ಸೇಲಮ್ಮಿನ ಗಡಿ ಹಾಗೆಯೇ ಉಳಿಯಿತು. ಒಂದೇ ಗೋಡೆಯ ಆಚೆಗೊಬ್ಬ ಈ ನಾಡಿನವನು, ಈಚೆಗೊಬ್ಬ ಹೊರಗಿನವನು. ಇಬ್ಬರೂ ಮಾಡುತ್ತಿದ್ದುದು ಅದೇ ಹಣ್ಣು ಕೊಯ್ಲು, ಅದೇ ಮರಗಸಿ.

ಹೊರಗಿನವರೆಂದರೆ ಯಾರು ಎಂಬ ಪ್ರಶ್ನೆ ನಮ್ಮ ಕಾಫಿ ಸೀಮೆಗೆ ಹೊಸದಲ್ಲ. 1831ರಿಂದ 1881ರವರೆಗೆ ಮೈಸೂರನ್ನು ಬ್ರಿಟಿಷ್ ಕಮಿಷನರುಗಳೇ ಆಳಿದರು. ಆ ಅವಧಿಯಲ್ಲೇ ದೊರೆಗಳು ಈ ಬೆಟ್ಟಗಳಿಗೆ ಬಂದು ತೋಟ ಮಾಡಿದರು. 1856ರಲ್ಲಿ ಬಂದ ಎಲಿಯಟ್ ದೊರೆ ತನ್ನ ಅನುಭವವನ್ನು ಪುಸ್ತಕವಾಗಿಯೇ ಬರೆದಿದ್ದಾನೆ. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದ ಮೇಲೂ ಯುರೋಪಿನ ಬ್ರಿಟಿಷ್ ಪ್ರಜೆಗಳ ಮೇಲಿನ ನ್ಯಾಯಾಧಿಕಾರವನ್ನು ಬ್ರಿಟಿಷ್ ಸರ್ಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿತು. ಸಮುದ್ರ ದಾಟಿ ಬಂದವರಿಗೆ ಇಂಥ ರಕ್ಷಣೆ.

ಘಟ್ಟ ಹತ್ತಿ ಬಂದ ಕೂಲಿಯವರಿಗಿದ್ದ ಕಾನೂನು ಬೇರೆ. ಮೇಸ್ತ್ರಿ ಊರಿಗೆ ಹೋಗಿ ಮುಂಗಡ ಕೊಟ್ಟು ಆಳುಗಳನ್ನು ಕರೆತರುತ್ತಿದ್ದ. ಮುಂಗಡ ಪಡೆದವನು ಕೆಲಸ ಬಿಟ್ಟುಹೋದರೆ, 1859ರ 13ನೆಯ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟರು ಹಣ ಹಿಂದಿರುಗಿಸು ಇಲ್ಲವೇ ಕೆಲಸ ಮಾಡು ಎಂದು ಆಜ್ಞೆ ಮಾಡಬಹುದಿತ್ತು; ಅದನ್ನು ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಾಲ ತೀರಿಸದ ಸಾಹುಕಾರ ಸಿವಿಲ್ ಕೋರ್ಟಿಗೆ ಹೋದರೆ, ಸಾಲ ತೀರಿಸದ ಕೂಲಿ ಸೆರೆಮನೆಗೆ! ಬ್ರಿಟಿಷ್ ಇಂಡಿಯಾದಲ್ಲಿ ಈ ಕಾಯ್ದೆಯ ರದ್ದತಿಗೆ 1925ರವರೆಗೆ ಕಾಯಬೇಕಾಯಿತು. ತೋಟದ ಕೆಲಸಗಾರರ ಮನೆ, ಚಿಕಿತ್ಸೆ, ಮಕ್ಕಳ ಓದಿನ ಮಾತೆತ್ತಿದ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಬಂದದ್ದು 1951ರಲ್ಲಿ.

ನಾನು ಆ ಹುಡುಗಿಯೊಂದಿಗೆ ಲೈನಿಗೆ ಹೋದೆ. ಅವಳ ತಾತ ಇನ್ನೂ ಇದ್ದರು. "ಗಾಂಧಿ ಸತ್ತ ಸುದ್ದಿ ಬಂದಾಗ ಇದೇ ಅಂಗಳದಲ್ಲಿ ನಿಂತಿದ್ದೆ, ಸ್ವಾಮಿ. ಅವತ್ತು ಕೆಲಸ ನಿಲ್ಲಿಸಿದ್ರು" ಎಂದರು. ಅಂದರೆ 1948. ನನಗೆ ಅಷ್ಟೇ ಸಾಕಾಗಿತ್ತು, ಕಚೇರಿಗೆ ಸಾಲದು. ತೋಟ ಎರಡು ಕೈ ಬದಲಾಗಿತ್ತು. ಗೋದಾಮಿನ ಹಳೆಯ ಲೆಕ್ಕವೆಲ್ಲ ಗೆದ್ದಲಿಗೆ ಆಹಾರವಾಗಿತ್ತು. ಲೈನಿನ ಮನೆ ತೋಟದ ಆಸ್ತಿಯಾದ್ದರಿಂದ ಪಂಚಾಯಿತಿಯ ಖಾತೆಯಲ್ಲೂ ಅವರ ಹೆಸರಿರಲಿಲ್ಲ. ಓಟು ಕೇಳಲು ಎಲ್ಲರೂ ಬರುತ್ತಿದ್ದರು, ಮನೆ ಮಾತ್ರ ಅವರದಲ್ಲ.

ಕೊನೆಗೆ ದಾರಿ ತೋರಿಸಿದವರು ಆ ರೈಟರ ಮಗ. ರೈಟರಿಗೂ ಮುಂಚೆ ಅವರ ತಂದೆ ಅದೇ ತೋಟದ ರೈಟರಾಗಿದ್ದರಂತೆ. ಅವರ ಮನೆಯ ಅಟ್ಟದಲ್ಲಿ 1949ರ ಒಂದು ಚೆಕ್‌ರೋಲು ಸಿಕ್ಕಿತು. ಅದರಲ್ಲಿ ತಾತನ ಹೆಸರಿತ್ತು, ತಂದೆಯ ಹೆಸರಿತ್ತು, ಕೆಲಸ ಮಾಡಿದ ದಿನಗಳ ಗೀಟುಗಳಿದ್ದವು. ಕೊನೆಯ ಕಾಲಂನಲ್ಲಿ 'ಮುಂಗಡ ಬಾಕಿ' ಎಂದು ಹನ್ನೊಂದು ರೂಪಾಯಿ.

ನಾನೂ ಕಚೇರಿಗೆ ಹೋಗಿ, ತಂದೆತಾಯಿಯನ್ನು ಕೇಳದೆ ಹುಟ್ಟಿದ ಸ್ಥಳ ಬರೆದದ್ದು ನನ್ನ ತಪ್ಪೆಂದು ಬರೆದು ಸಹಿ ಮಾಡಿಕೊಟ್ಟೆ. ಸ್ಥಳ ವಿಚಾರಣೆ ನಡೆಯಿತು, ನೆರೆಯವರ ಹೇಳಿಕೆ ಪಡೆದರು. ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ಆ ವರ್ಷದ ಪ್ರವೇಶ ಮುಗಿದುಹೋಗಿತ್ತು. ಒಂದು ವರ್ಷ ಅವಳು ತಾಯಿಯೊಂದಿಗೆ ಕೊಯ್ಲಿಗೆ ಹೋದಳು. ಮರುವರ್ಷ ನರ್ಸಿಂಗ್ ಸೇರಿದಳು. ನನ್ನ 'ಸದರಿ'ಯ ಬೆಲೆ ಅವಳ ಬಾಳಿನ ಒಂದು ವರ್ಷ. ಅವಳು ಒಂದು ಬಿರುನುಡಿಯನ್ನೂ ಆಡಲಿಲ್ಲ. ಅದೇ ನನಗೆ ಹೆಚ್ಚು ನೋವು.

ಹನ್ನೊಂದು ರೂಪಾಯಿಯ ಆ ಬಾಕಿಯನ್ನು ನಾನು ಆಗಾಗ ನೆನೆಯುತ್ತೇನೆ. ಮನುಷ್ಯನನ್ನು ಕಟ್ಟಿಹಾಕಲೆಂದು ಬರೆದಿಟ್ಟ ಲೆಕ್ಕವೇ ಕೊನೆಗೆ ಅವನು ಈ ಮಣ್ಣಿನವನೆಂದು ಸಾಕ್ಷಿ ಹೇಳಿತು. ಮಕ್ಕಳ ಏಳಿಗೆಗೆಂದು ಇಟ್ಟ ನನ್ನ ಪುಸ್ತಕ ಅವನನ್ನು ಹೊರಗಿನವನೆಂದಿತು.

ಈಗ ನಮ್ಮ ತೋಟಗಳಿಗೆ ಅಸ್ಸಾಂ, ಬಂಗಾಳ, ಬಿಹಾರದಿಂದ ಜನ ಬರುತ್ತಿದ್ದಾರೆ. ಅವರ ಮಕ್ಕಳೂ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮೇಷ್ಟ್ರಾಗಿರುವ ನನ್ನ ಶಿಷ್ಯರೇ, ಕರೆತಂದವನ ಚೀಟಿಯನ್ನು ನಂಬಬೇಡಿ. ಸಂಜೆ ಲೈನಿಗೆ ಹೋಗಿ ತಾಯಿಯನ್ನೊಮ್ಮೆ ಕೇಳಿ, ಆಮೇಲೆ ಬರೆಯಿರಿ. 'ಸದರಿ' ಎಂದು ಮಾತ್ರ ಬರೆಯಬೇಡಿ.